ಕೊನೆಯವರಿಗೆ ಮೊದಲ ಪಾಳಿ: ಬೇಸ್‌ಬಾಲ್ ಡ್ರಾಫ್ಟ್‌ನಿಂದ ತಂಡಗಳು ಸಮಬಲ ಆಗುತ್ತವಾ?

ಕೊಹ್ಲಿ ಆರ್‌ಸಿಬಿಗೆ ಬಂದಿದ್ದು ಹರಾಜಿನಲ್ಲಿ ಅಲ್ಲ. ಹೀಗಂದರೆ ಇವತ್ತಿಗೂ ಕೆಲವರು ಜಗಳಕ್ಕೆ ಬರುತ್ತಾರೆ, ಆದರೆ ವಿಷಯ ನಿಜ. 2008ರಲ್ಲಿ ಮೊದಲ ಐಪಿಎಲ್‌ಗೆ ಮುಂಚೆ ಅಂಡರ್-19 ಹುಡುಗರನ್ನು ಹರಾಜಿಗೆ ಹಾಕಲಿಲ್ಲ, ತಂಡಗಳು ಪಾಳಿ ಪ್ರಕಾರ ಒಬ್ಬೊಬ್ಬರನ್ನೇ ಆರಿಸಿಕೊಂಡವು. ಸಂಬಳ ಮೊದಲೇ ಗೊತ್ತು ಮಾಡಿದ್ದರು, ಯಾರೂ ಜಾಸ್ತಿ ಕೂಗುವ ಹಾಗಿರಲಿಲ್ಲ. ಡೆಲ್ಲಿಯವರು ತಮ್ಮೂರಿನ ಹುಡುಗ ಕೊಹ್ಲಿಯನ್ನು ಬಿಟ್ಟು ಎಡಗೈ ವೇಗಿ ಪ್ರದೀಪ್ ಸಾಂಗ್ವಾನ್‌ನನ್ನು ತೆಗೆದುಕೊಂಡರು. ಆಮೇಲೇನಾಯಿತು ಅಂತ ಬೆಂಗಳೂರಿನವರಿಗೆ ಹೇಳಬೇಕಾಗಿಲ್ಲ.

ಹೀಗೆ ಪಾಳಿ ಪ್ರಕಾರ ಆರಿಸುವುದಕ್ಕೆ ಡ್ರಾಫ್ಟ್ ಅಂತಾರೆ. ಹರಾಜಿನಲ್ಲಿ ದುಡ್ಡು ಮಾತಾಡುತ್ತದೆ, ಡ್ರಾಫ್ಟ್‌ನಲ್ಲಿ ಪಾಳಿ ಮಾತಾಡುತ್ತದೆ. ಕನಿಷ್ಠ ಕಾಗದದ ಮೇಲೆ ಹಾಗೆ. ನಾವು ನೋಡಿ ಮರೆತ ಈ ಪದ್ಧತಿಯನ್ನು ಅಮೆರಿಕದ ಅತಿ ದೊಡ್ಡ ಬೇಸ್‌ಬಾಲ್ ಲೀಗ್, ಅಂದರೆ ಮೇಜರ್ ಲೀಗ್, 1965ರಿಂದ ಪ್ರತಿ ವರ್ಷ ನಡೆಸುತ್ತಿದೆ. ನಿಯಮದ ತಿರುಳು ಒಂದೇ ಸಾಲಿನದು: ಹೋದ ವರ್ಷ ಅತಿ ಹೆಚ್ಚು ಸೋತ ತಂಡಕ್ಕೆ ಈ ವರ್ಷ ಮೊದಲ ಆಯ್ಕೆ, ಗೆದ್ದವರಿಗೆ ಕೊನೆಯಲ್ಲಿ. ಬಡವನ ತಟ್ಟೆಗೆ ಮೊದಲು ಬಡಿಸಿ ಅನ್ನುವ ಲೆಕ್ಕ. ಕೇಳಲು ಎಷ್ಟು ನ್ಯಾಯವಾಗಿದೆ ಅಲ್ವಾ? ಅರವತ್ತು ವರ್ಷದಲ್ಲಿ ಈ ಒಂದು ಸಾಲಿಗೆ ಬಿದ್ದ ತೇಪೆಗಳನ್ನು ನೋಡಿದರೆ ಮಾತ್ರ ಗೊತ್ತಾಗುತ್ತದೆ, ಅದು ಎಲ್ಲೆಲ್ಲಿ ಸೋರುತ್ತದೆ ಅಂತ.

ಡ್ರಾಫ್ಟ್‌ಗೆ ಮುಂಚೆ ಹೇಗಿತ್ತು ಅಂತ ಸ್ವಲ್ಪ ನೋಡೋಣ. ಹೈಸ್ಕೂಲಿನಲ್ಲೋ ಕಾಲೇಜಿನಲ್ಲೋ ಚೆನ್ನಾಗಿ ಆಡುವ ಹುಡುಗನ ಮನೆಗೆ ಎಲ್ಲ ತಂಡಗಳ ಸ್ಕೌಟ್‌ಗಳೂ (ಪ್ರತಿಭೆ ಹುಡುಕುವವರು) ಬರುತ್ತಿದ್ದರು. ಯಾರು ಜಾಸ್ತಿ ಬೋನಸ್ ಕೊಡುತ್ತಾರೋ ಅವರ ಜೊತೆ ಸಹಿ. ಶ್ರೀಮಂತ ತಂಡಗಳಿಗೆ ಇದು ಹಬ್ಬ. ನ್ಯೂಯಾರ್ಕ್ ಯಾಂಕೀಸ್ 1949ರಿಂದ 1964ರವರೆಗಿನ 16 ವರ್ಷದಲ್ಲಿ 14 ಸಲ ಅಮೆರಿಕನ್ ಲೀಗ್ (ಮೇಜರ್ ಲೀಗ್‌ನ ಎರಡು ಭಾಗಗಳಲ್ಲಿ ಒಂದು) ಗೆದ್ದಿತು. ಇದನ್ನು ತಡೆಯಲು ಡ್ರಾಫ್ಟ್‌ಗೂ ಮೊದಲೇ ಒಂದು ವಿಚಿತ್ರ ನಿಯಮ ತಂದಿದ್ದರು. 1953ರಿಂದ 57ರವರೆಗೆ, ಹೊಸ ಹುಡುಗನಿಗೆ 4,000 ಡಾಲರ್‌ಗಿಂತ ಜಾಸ್ತಿ ಕೊಟ್ಟರೆ ಅವನನ್ನು ಎರಡು ವರ್ಷ ಮುಖ್ಯ ತಂಡದಲ್ಲೇ ಇಟ್ಟುಕೊಳ್ಳಬೇಕು, ಕೆಳಗಿನ ಲೀಗ್‌ಗೆ ತಾಲೀಮಿಗೆ ಕಳಿಸುವ ಹಾಗಿಲ್ಲ. ತಂಡದಲ್ಲಿ ಒಂದು ಜಾಗ ಸುಮ್ನೆ ಹಾಳಾಗುತ್ತದೆ ಅನ್ನುವ ಭಯಕ್ಕಾದರೂ ಜಾಸ್ತಿ ಸುರಿಯುವುದಿಲ್ಲ ಅನ್ನುವ ಲೆಕ್ಕಾಚಾರ. ಪರಿಣಾಮ? ಮುಂದೆ ಸಾರ್ವಕಾಲಿಕ ಶ್ರೇಷ್ಠ ಪಿಚರ್‌ಗಳಲ್ಲಿ (ಚೆಂಡೆಸೆಯುವವರಲ್ಲಿ) ಒಬ್ಬನಾದ ಸ್ಯಾಂಡಿ ಕೌಫ್ಯಾಕ್ಸ್ ತನ್ನ ಮೊದಲ ವರ್ಷ, 1955ರಲ್ಲಿ, ಹೆಚ್ಚಿನ ದಿನ ಬೆಂಚಿನ ಮೇಲೆ ಕೂತು 12 ಪಂದ್ಯಗಳಲ್ಲಿ ಮಾತ್ರ ಬೌಲ್ ಮಾಡಿದ. ಶಿಕ್ಷೆ ತಂಡಕ್ಕೆ ಅಂತ ಮಾಡಿದ್ದು, ಬಿದ್ದಿದ್ದು ಹುಡುಗನ ಮೇಲೆ.

ಕೊನೆಗೆ ತಾಳ್ಮೆಯ ಕಟ್ಟೆ ಒಡೆದದ್ದು 1964ರಲ್ಲಿ. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ರಿಕ್ ರೈಕಾರ್ಟ್ ಎಂಬ ಹುಡುಗನಿಗೆ ಲಾಸ್ ಏಂಜಲೀಸ್ ಏಂಜಲ್ಸ್ 2 ಲಕ್ಷ ಡಾಲರ್‌ಗಿಂತ ಜಾಸ್ತಿ ಬೋನಸ್ ಕೊಟ್ಟಿತು. ಮಾಲೀಕರೆಲ್ಲ ಬೆಚ್ಚಿಬಿದ್ದರು. ಮರುವರ್ಷ ಜೂನ್‌ನಲ್ಲಿ ಮೊದಲ ಡ್ರಾಫ್ಟ್ ನಡೆಯಿತು. ಮೊದಲ ಆಯ್ಕೆ ರಿಕ್ ಮಂಡೆ, ತಂಡ ಕ್ಯಾನ್ಸಸ್ ಸಿಟಿ ಅಥ್ಲೆಟಿಕ್ಸ್, ಬೋನಸ್ ಸುಮಾರು 1 ಲಕ್ಷ ಡಾಲರ್. ಗಮನಿಸಿ, ದೇಶದ ನಂಬರ್ ಒನ್ ಹುಡುಗನ ಬೆಲೆ ಒಂದೇ ವರ್ಷದಲ್ಲಿ ಅರ್ಧಕ್ಕಿಳಿಯಿತು. ಕಾರಣ ಸರಳ: ಡ್ರಾಫ್ಟ್‌ನಲ್ಲಿ ಆರಿಸಿದ ಹುಡುಗನ ಜೊತೆ ಮಾತಾಡುವ ಹಕ್ಕು ಆ ಒಂದು ತಂಡಕ್ಕೆ ಮಾತ್ರ. ಎದುರಿಗೆ ಒಬ್ಬನೇ ಗಿರಾಕಿ ಇದ್ದರೆ ಮಾರುವವನು ಏನು ಚೌಕಾಸಿ ಮಾಡಿಯಾನು? ಆದ್ದರಿಂದ ಡ್ರಾಫ್ಟ್ ಬಂದದ್ದು ಸಮಬಲಕ್ಕೋಸ್ಕರ ಅಂತ ಯಾರಾದರೂ ಹೇಳಿದಾಗ ನಾನು ಅರ್ಧ ಮಾತ್ರ ನಂಬುತ್ತೇನೆ. ಇನ್ನರ್ಧ, ಹುಡುಗರ ಬೆಲೆ ಇಳಿಸುವುದಕ್ಕೆ.

ಹಾಗಂತ ಅದು ಕೆಲಸ ಮಾಡಲೇ ಇಲ್ಲ ಅಂತಲ್ಲ. ಅದೇ ಅಥ್ಲೆಟಿಕ್ಸ್ ತಂಡ ವರ್ಷಾನುಗಟ್ಟಲೆ ತಳದಲ್ಲಿ ಬಿದ್ದಿತ್ತು. 1965ರಲ್ಲಿ ಮಂಡೆ ಜೊತೆಗೆ ಸಾಲ್ ಬ್ಯಾಂಡೊ, 1966ರಲ್ಲಿ ರೆಜ್ಜಿ ಜಾಕ್ಸನ್, 1967ರಲ್ಲಿ ವೈಡಾ ಬ್ಲೂ, ಎಲ್ಲರೂ ಡ್ರಾಫ್ಟ್‌ನಿಂದಲೇ ಸಿಕ್ಕವರು. ತಂಡ ಓಕ್ಲ್ಯಾಂಡ್‌ಗೆ ಹೋಯಿತು, 1972, 73, 74 ಸತತ ಮೂರು ವರ್ಲ್ಡ್ ಸೀರೀಸ್ (ಲೀಗ್‌ನ ಫೈನಲ್ ಸರಣಿ) ಗೆದ್ದಿತು. ಅತ್ತ ಯಾಂಕೀಸ್ 1965ರಲ್ಲಿ ಆರನೇ ಸ್ಥಾನ, 1966ರಲ್ಲಿ ಕಟ್ಟಕಡೆಯ ಹತ್ತನೇ ಸ್ಥಾನ. ಇದನ್ನು ತೋರಿಸಿ ನೋಡಿ ಡ್ರಾಫ್ಟ್‌ನ ಮಹಿಮೆ ಅನ್ನುವವರಿದ್ದಾರೆ. ಸ್ವಲ್ಪ ತಡೀರಿ. 1965ರ ಜೂನ್‌ನಲ್ಲಿ ಆರಿಸಿದ ಹುಡುಗರು 1966ರಲ್ಲಿ ಯಾರನ್ನೂ ಸೋಲಿಸುವಷ್ಟು ಬೆಳೆದಿರಲಿಲ್ಲ, ಯಾಂಕೀಸ್‌ನ ಹಳೇ ಹುಲಿಗಳಿಗೆ ವಯಸ್ಸಾಗಿತ್ತು ಅಷ್ಟೇ.

ಇದು ಬೇಸ್‌ಬಾಲ್‌ನ ದೊಡ್ಡ ವಿಶೇಷ. ಬ್ಯಾಸ್ಕೆಟ್‌ಬಾಲ್‌ನಲ್ಲಿ ಡ್ರಾಫ್ಟ್ ಆದ ಹುಡುಗ ಅದೇ ವರ್ಷ ಅಂಗಳಕ್ಕಿಳಿಯುತ್ತಾನೆ, ಐದು ಜನರ ಆಟದಲ್ಲಿ ಒಬ್ಬ ಅಸಾಮಾನ್ಯ ಬಂದರೆ ತಂಡದ ಹಣೆಬರಹವೇ ಬದಲಾಗುತ್ತದೆ. ಬೇಸ್‌ಬಾಲ್‌ನಲ್ಲಿ ಹಾಗಲ್ಲ. ಡ್ರಾಫ್ಟ್ ಆದವನು ಮೈನರ್ ಲೀಗ್‌ಗಳಲ್ಲಿ, ಅಂದರೆ ಕೆಳಹಂತದ ಲೀಗ್‌ಗಳಲ್ಲಿ, ಮೆಟ್ಟಿಲು ಮೆಟ್ಟಿಲಾಗಿ ಹತ್ತಬೇಕು, ಸಾಮಾನ್ಯವಾಗಿ ಎರಡರಿಂದ ಐದು ವರ್ಷ. ಎಷ್ಟೋ ಹುಡುಗರು ದಾರಿಯಲ್ಲೇ ಉದುರಿ ಹೋಗುತ್ತಾರೆ. 1966ರಲ್ಲಿ ಮೊದಲ ಆಯ್ಕೆ ಇದ್ದ ನ್ಯೂಯಾರ್ಕ್ ಮೆಟ್ಸ್ ತಂಡ ರೆಜ್ಜಿ ಜಾಕ್ಸನ್‌ನನ್ನು ಬಿಟ್ಟು ಸ್ಟೀವ್ ಚಿಲ್ಕಾಟ್ ಎಂಬ ಕ್ಯಾಚರ್‌ನನ್ನು ಆರಿಸಿತು. ಚಿಲ್ಕಾಟ್ ಮೇಜರ್ ಲೀಗ್‌ನಲ್ಲಿ ಒಂದೇ ಒಂದು ಪಂದ್ಯ ಆಡಲಿಲ್ಲ. ಇದರ ಉಲ್ಟಾ ಕಥೆಗಳೂ ಇವೆ. 700ಕ್ಕೂ ಹೆಚ್ಚು ಹೋಮ್ ರನ್ (ನಮ್ಮ ಸಿಕ್ಸರ್ ಇದ್ದ ಹಾಗೆ) ಹೊಡೆದ ಆಲ್ಬರ್ಟ್ ಪೂಹೋಲ್ಸ್ 1999ರಲ್ಲಿ 402ನೆಯವನಾಗಿ ಆಯ್ಕೆಯಾದವನು. ಮೈಕ್ ಪಿಯಾಝಾ 1988ರಲ್ಲಿ 62ನೇ ಸುತ್ತಿನಲ್ಲಿ, 1,390ನೆಯವನಾಗಿ. ಅದೂ ಅವನನ್ನು ಆರಿಸಿದ ಡಾಡ್ಜರ್ಸ್ ತಂಡದ ಮ್ಯಾನೇಜರ್ ಟಾಮಿ ಲಸೋರ್ಡಾ ಪಿಯಾಝಾನ ಅಪ್ಪನ ಸ್ನೇಹಿತ ಅನ್ನುವ ಕಾರಣಕ್ಕೆ, ಒಂಥರಾ ಮುಲಾಜಿಗೆ. ಇಬ್ಬರೂ ಮೊದಲ ಪಾಳಿಯವರ ಕೈಗೆ ಸಿಗಬಹುದಿತ್ತು, ಯಾರಿಗೂ ಕಾಣಲಿಲ್ಲ. ಅಂದಮೇಲೆ ಸೋತ ತಂಡಕ್ಕೆ ನಿಯಮ ಕೊಡುವುದು ಒಳ್ಳೆ ಆಟಗಾರನನ್ನಲ್ಲ, ಮೊದಲು ಊಹೆ ಮಾಡುವ ಅವಕಾಶವನ್ನು. ಸ್ಕೌಟಿಂಗೇ ಕೆಟ್ಟಿರುವ ತಂಡಕ್ಕೆ ಈ ಅವಕಾಶ ಎಷ್ಟು ಸಲ ಕೊಟ್ಟರೂ ಅಷ್ಟೇ.

ಸರಿ, ಊಹೆ ಸರಿಹೋಯಿತು ಅಂತಿಟ್ಟುಕೊಳ್ಳಿ. ಆಗ ಸಿಗುವ ನಿಜವಾದ ಲಾಭ ಏನು? ಅಗ್ಗದ ಆರು ವರ್ಷ. ಮೇಜರ್ ಲೀಗ್‌ನಲ್ಲಿ ಆರು ವರ್ಷದ ಸೇವೆ ಮುಗಿಯುವವರೆಗೆ ಆಟಗಾರ ಬೇರೆ ತಂಡದ ಜೊತೆ ಮಾತಾಡುವ ಹಾಗಿಲ್ಲ, ಅದರಲ್ಲೂ ಮೊದಲ ಮೂರು ವರ್ಷದಷ್ಟು ಕಾಲ ಬಹುತೇಕರಿಗೆ ಕನಿಷ್ಠ ಸಂಬಳದ ಆಸುಪಾಸಿನಲ್ಲೇ ಆಟ. ಮಾರುಕಟ್ಟೆಯಲ್ಲಿ ವರ್ಷಕ್ಕೆ 30 ಮಿಲಿಯನ್ ಡಾಲರ್ ಬಾಳುವವನು ಒಂದು ಮಿಲಿಯನ್ ಒಳಗೆ ಸಿಗುತ್ತಾನೆ. ಕೈಯಲ್ಲಿ ಕಾಸಿಲ್ಲದ ತಂಡ ದೊಡ್ಡವರ ಜೊತೆ ಸೆಣಸುವುದು ಈ ವ್ಯತ್ಯಾಸದ ಬಲದಿಂದ. ಆರು ವರ್ಷ ಮುಗಿದ ಮೇಲೆ? ರೆಜ್ಜಿ ಜಾಕ್ಸನ್ ಏನು ಮಾಡಿದ ನೋಡಿ. ಎಪ್ಪತ್ತರ ದಶಕದ ಮಧ್ಯದಲ್ಲಿ ಆಟಗಾರರಿಗೆ ಫ್ರೀ ಏಜೆನ್ಸಿ (ಇಷ್ಟದ ತಂಡ ಸೇರುವ ಹಕ್ಕು) ಸಿಕ್ಕಿದ್ದೇ ತಡ, ಓಕ್ಲ್ಯಾಂಡ್ ತಂಡ ಚೆಲ್ಲಾಪಿಲ್ಲಿಯಾಯಿತು, ಜಾಕ್ಸನ್ 1976ರ ಕೊನೆಗೆ ಯಾಂಕೀಸ್ ಸೇರಿದ, ಯಾಂಕೀಸ್ 1977 ಮತ್ತು 78ರಲ್ಲಿ ವರ್ಲ್ಡ್ ಸೀರೀಸ್ ಗೆದ್ದಿತು. ಸಸಿ ನೆಟ್ಟು ನೀರು ಹಾಕಿದವರು ಒಬ್ಬರು, ಹಣ್ಣು ಕಿತ್ತವರು ಇನ್ನೊಬ್ಬರು.

ಇನ್ನು ಸೋರಿಕೆಗಳ ಕಥೆಗೆ ಬರೋಣ, ನನಗೆ ತುಂಬ ಇಷ್ಟವಾದ ಭಾಗ ಇದು.

ಮೊದಲ ತೂತು ಬೋನಸ್‌ನದು. ಪಾಳಿ ನಿಮ್ಮದಾಗಿರಬಹುದು, ಆದರೆ ಹುಡುಗ ಬೇಡ ಅನ್ನಬಹುದಲ್ಲ. ಹೈಸ್ಕೂಲ್ ಹುಡುಗನಿಗೆ ಕಾಲೇಜಿನ ದಾರಿ ತೆರೆದೇ ಇರುತ್ತದೆ, ಕಾಲೇಜಿನ ಮೂರನೇ ವರ್ಷದವನು ಇನ್ನೊಂದು ವರ್ಷ ಕಾಯಬಹುದು. ಇದನ್ನು ಏಜೆಂಟರು ಚೆನ್ನಾಗಿ ಬಳಸಿಕೊಂಡರು. ನಮ್ಮ ಹುಡುಗನಿಗೆ ಇಷ್ಟು ಬೇಕು, ಇಲ್ಲದಿದ್ದರೆ ಆರಿಸಲೇ ಬೇಡಿ ಅಂತ ಮೊದಲೇ ಸುದ್ದಿ ಬಿಡುವುದು. ಕಾಸಿಲ್ಲದ ತಂಡ ಹೆದರಿ ಬಿಡುತ್ತದೆ, ಹುಡುಗ ಕೆಳಗೆ ಜಾರಿ ಜಾರಿ ಕಾಸಿದ್ದವರ ಮಡಿಲಿಗೆ ಬೀಳುತ್ತಾನೆ. 2004ರಲ್ಲಿ ಮೊದಲ ಪಾಳಿ ಸ್ಯಾನ್ ಡಿಯಾಗೊ ಪ್ಯಾಡ್ರೆಸ್‌ನದು. ದೊಡ್ಡ ಮೊತ್ತ ಕೇಳುತ್ತಿದ್ದ ಕಾಲೇಜು ಆಟಗಾರರನ್ನು ಬಿಟ್ಟು ಅದೇ ಊರಿನ ಹೈಸ್ಕೂಲ್ ಹುಡುಗ ಮ್ಯಾಟ್ ಬುಷ್‌ನನ್ನು ತೆಗೆದುಕೊಂಡರು. ಬುಷ್ ಮೇಜರ್ ಲೀಗ್ ತಲುಪಿದ್ದು 2016ರಲ್ಲಿ, ಬೇರೆ ತಂಡಕ್ಕೆ, ಅದೂ ಬ್ಯಾಟರ್ ಆಗಿ ಅಲ್ಲ ಪಿಚರ್ ಆಗಿ. ಆ ವರ್ಷ ಎರಡನೇ ಪಾಳಿಯಲ್ಲಿ ಡೆಟ್ರಾಯಿಟ್ ಆರಿಸಿದ್ದು ಜಸ್ಟಿನ್ ವರ್ಲ್ಯಾಂಡರ್‌ನನ್ನು, ಮುಂದೆ ಮೂರು ಸಲ ಅತ್ಯುತ್ತಮ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿ ಗೆದ್ದವನು. ಮೂರು ವರ್ಷದ ನಂತರ ಅದೇ ಡೆಟ್ರಾಯಿಟ್ 27ನೇ ಪಾಳಿಯಲ್ಲಿ ರಿಕ್ ಪೊರ್ಸೆಲ್ಲೊನನ್ನು ಎತ್ತಿಕೊಂಡಿತು, ಪ್ರತಿಭೆ ನೋಡಿದರೆ ಅಷ್ಟು ಕೆಳಗೆ ಜಾರಬೇಕಾದವನೇ ಅಲ್ಲ, ಜಾರಿದ್ದು ಅವನು ಕೇಳಿದ ದುಡ್ಡಿಗೆ.

ಸಣ್ಣ ತಂಡಗಳೂ ದಡ್ಡರಲ್ಲ. ಸ್ಟಾರ್ ಆಟಗಾರನನ್ನು 100 ಮಿಲಿಯನ್ ಕೊಟ್ಟು ಕೊಳ್ಳಲು ಆಗದಿದ್ದರೂ ಡ್ರಾಫ್ಟ್‌ನಲ್ಲಿ 15-20 ಮಿಲಿಯನ್ ಸುರಿದರೆ ಅಷ್ಟೇ ಲಾಭ ಬರುತ್ತದೆ ಅಂತ ಕೆಲವರಿಗೆ ಹೊಳೆಯಿತು. ಪಿಟ್ಸ್‌ಬರ್ಗ್ ಪೈರೇಟ್ಸ್ 1993ರಿಂದ 2012ರವರೆಗೆ ಸತತ 20 ಸೀಸನ್ ಗೆಲುವಿಗಿಂತ ಸೋಲೇ ಜಾಸ್ತಿ ಕಂಡ ತಂಡ. 2011ರಲ್ಲಿ ಅವರು ಗೆರಿಟ್ ಕೋಲ್‌ಗೆ 8 ಮಿಲಿಯನ್ ಡಾಲರ್ ಕೊಟ್ಟರು. ಮುಂದಿನ ಸುತ್ತಿನಲ್ಲಿ, ನಾನು ಕಾಲೇಜಿಗೆ ಹೋಗುತ್ತೇನೆ, ದಯವಿಟ್ಟು ಆರಿಸಬೇಡಿ ಅಂತ ಪತ್ರ ಬರೆದಿದ್ದ ಜಾಶ್ ಬೆಲ್‌ನನ್ನೂ ಆರಿಸಿ, 5 ಮಿಲಿಯನ್ ಕೊಟ್ಟು ಮನಸ್ಸು ಬದಲಾಯಿಸಿದರು. ಆ ವರ್ಷದ ಡ್ರಾಫ್ಟ್‌ಗೆ ಅವರ ಒಟ್ಟು ಖರ್ಚು 17 ಮಿಲಿಯನ್, ಆವರೆಗಿನ ದಾಖಲೆ.

ಸಮಬಲ ಬೇಕು ಅನ್ನುವ ಲೀಗ್ ಇದನ್ನು ನೋಡಿ ಖುಷಿಪಡಬೇಕಿತ್ತು. ಬದಲಿಗೆ ಮರುವರ್ಷವೇ ಬಾಗಿಲು ಹಾಕಿತು. 2012ರಿಂದ ಮೊದಲ ಹತ್ತು ಸುತ್ತಿನ ಪ್ರತಿ ಪಾಳಿಗೂ ಒಂದು ಬೆಲೆ, ತಂಡದ ಪಾಳಿಗಳ ಬೆಲೆಗಳನ್ನೆಲ್ಲ ಕೂಡಿಸಿದರೆ ಬರುವುದು ಆ ತಂಡದ ಮಿತಿ. ಮಿತಿ ದಾಟಿದರೆ ದಂಡ, ಶೇಕಡಾ 5ಕ್ಕಿಂತ ಜಾಸ್ತಿ ದಾಟಿದರೆ ದಂಡದ ಜೊತೆಗೆ ಮುಂದಿನ ವರ್ಷದ ಮೊದಲ ಸುತ್ತಿನ ಪಾಳಿಯೇ ಖೋತಾ. ತಂಡಗಳು ದುಡ್ಡು ಕಳೆದುಕೊಳ್ಳಲು ಹೆದರಲಿಲ್ಲ, ಪಾಳಿ ಕಳೆದುಕೊಳ್ಳಲು ಹೆದರಿದವು, ಆ ಶೇಕಡಾ 5ರ ಗೆರೆಯನ್ನು ಯಾರೂ ದಾಟಲು ಹೋಗಲಿಲ್ಲ. ಸೋತವರ ಮಿತಿಯೇ ದೊಡ್ಡದಾದ್ದರಿಂದ ಇದರಲ್ಲೂ ಒಂದು ನ್ಯಾಯ ಇದೆ ಅಂತ ಒಪ್ಪಬೇಕು. ಆದರೆ ಇದ್ದ ಒಂದು ಅಡ್ಡದಾರಿ ಮುಚ್ಚಿದ್ದು ಬಡವರಿಗೇ.

ನಮ್ಮಲ್ಲಿ ಒಂದು ಮಾತಿದೆಯಲ್ಲ, ನೀನು ಚಾಪೆ ಕೆಳಗೆ ತೂರಿದರೆ ನಾನು ರಂಗೋಲಿ ಕೆಳಗೆ ತೂರುತ್ತೇನೆ ಅಂತ. ಹೂಸ್ಟನ್ ಆಸ್ಟ್ರೋಸ್ ಮೊದಲ ವರ್ಷವೇ ತೂರಿತು. 2012ರಲ್ಲಿ ಮೊದಲ ಪಾಳಿಯ ಬೆಲೆ 7.2 ಮಿಲಿಯನ್. ಅವರು ಪೋರ್ಟೊ ರಿಕೊದ ಕಾರ್ಲೋಸ್ ಕೊರಿಯಾನನ್ನು ಆರಿಸಿ 4.8 ಮಿಲಿಯನ್‌ಗೆ ಒಪ್ಪಿಸಿದರು. ಮಿಕ್ಕ 2.4 ಮಿಲಿಯನ್ ಮಿತಿಯೊಳಗೇ ಉಳಿಯಿತಲ್ಲ, ಅದರಲ್ಲಿ ಒಂದು ಪಾಲು ಹಾಕಿ, ದುಬಾರಿ ಅಂತ ಎಲ್ಲರೂ ಬಿಟ್ಟಿದ್ದ ಲ್ಯಾನ್ಸ್ ಮೆಕಲರ್ಸ್‌ನನ್ನು 41ನೇ ಪಾಳಿಯಲ್ಲಿ ಹಿಡಿದರು. ಒಂದು ಪಾಳಿಯ ದುಡ್ಡಿನಲ್ಲಿ ಒಂದೂವರೆ ಆಟಗಾರ. ಇಬ್ಬರೂ 2017ರಲ್ಲಿ ವರ್ಲ್ಡ್ ಸೀರೀಸ್ ಗೆದ್ದ ತಂಡದಲ್ಲಿದ್ದರು. ಇವತ್ತು ಎಲ್ಲ ತಂಡಗಳೂ ಮಾಡುವುದು ಇದೇ.

ಆಸ್ಟ್ರೋಸ್ ಹೆಸರು ಬಂದಮೇಲೆ ಎರಡನೇ ತೂತನ್ನು ಬಿಡುವ ಹಾಗಿಲ್ಲ. ಕೊನೆಯವರಿಗೆ ಬಹುಮಾನ ಇದೆ ಅಂದಮೇಲೆ ಕೊನೆಯವರಾಗುವುದೂ ಒಂದು ಯೋಜನೆಯಾಗುತ್ತದೆ. 2011ರಲ್ಲಿ 106 ಸೋಲು, 2012ರಲ್ಲಿ 107, 2013ರಲ್ಲಿ 111. ಹಳಬರನ್ನೆಲ್ಲ ಮಾರಿ, ಸಂಬಳದ ಖರ್ಚು ಇಳಿಸಿ, ಸತತ ಮೂರು ವರ್ಷ ಮೊದಲ ಪಾಳಿ ಬಾಚಿಕೊಂಡರು. ತಮಾಷೆ ಅಂದರೆ ಆ ಮೂರರಲ್ಲಿ ಒಂದೇ ಫಲ ಕೊಟ್ಟಿದ್ದು, ಕೊರಿಯಾ. 2013ರ ಮಾರ್ಕ್ ಅಪೆಲ್ ಹೂಸ್ಟನ್‌ಗೆ ಒಂದು ಪಂದ್ಯವನ್ನೂ ಆಡಲಿಲ್ಲ. 2014ರ ಬ್ರೇಡಿ ಏಕನ್ ವಿಷಯದಲ್ಲಿ ಮೊಣಕೈ ವರದಿ ನೋಡಿ ತಂಡ ಬೋನಸ್ ಇಳಿಸಿತು, ಹುಡುಗ ಸಹಿ ಹಾಕಲಿಲ್ಲ. ಸಹಿ ಆಗದಿದ್ದರೆ ಮುಂದಿನ ವರ್ಷ ಒಂದು ಸ್ಥಾನ ಕೆಳಗೆ ಬದಲಿ ಪಾಳಿ ಸಿಗುತ್ತದೆ. ಹಾಗೆ 2015ರಲ್ಲಿ ಸಿಕ್ಕ ಎರಡನೇ ಪಾಳಿಯಲ್ಲಿ ಬಂದವನು ಅಲೆಕ್ಸ್ ಬ್ರೆಗ್ಮನ್. ಇದನ್ನು ಜಾಣತನ ಅನ್ನಬೇಕೋ ಅದೃಷ್ಟ ಅನ್ನಬೇಕೋ ನೀವೇ ಹೇಳಿ. ಆ ತಂಡ ಎದುರಾಳಿ ಕ್ಯಾಚರ್ ತನ್ನ ಪಿಚರ್‌ಗೆ ಮಾಡುವ ಗುಟ್ಟಿನ ಸನ್ನೆ ಕದ್ದು ಸಿಕ್ಕಿಬಿದ್ದಾಗ, 2020ರಲ್ಲಿ, ಲೀಗ್ ಹಾಕಿದ ಶಿಕ್ಷೆಯಲ್ಲಿ 5 ಮಿಲಿಯನ್ ದಂಡಕ್ಕಿಂತ ಹೆಚ್ಚು ಉರಿದದ್ದು ಎರಡು ವರ್ಷದ ಮೊದಲೆರಡು ಸುತ್ತಿನ ಪಾಳಿಗಳನ್ನು ಕಿತ್ತುಕೊಂಡದ್ದೇ ಅಂತ ನನ್ನ ಅಂದಾಜು.

ಬೇಕಂತಲೇ ಸೋಲುವುದನ್ನು ತಡೆಯಲು ಲೀಗ್ ಮತ್ತು ಆಟಗಾರರ ಸಂಘದ 2022ರ ಒಪ್ಪಂದದಲ್ಲಿ ಲಾಟರಿ ತಂದರು. ಪ್ಲೇಆಫ್ ತಲುಪದ 18 ತಂಡಗಳ ಹೆಸರಿನಲ್ಲಿ ಚೀಟಿ ಎತ್ತಿ ಮೊದಲ ಆರು ಪಾಳಿ ನಿರ್ಧಾರ. ಅತಿ ಕಳಪೆ ಮೂರು ತಂಡಗಳಿಗೂ ಮೊದಲ ಪಾಳಿಯ ಸಾಧ್ಯತೆ ತಲಾ ಶೇಕಡಾ 16.5, ಅಂದರೆ ಮೂರನೇ ಕೊನೆಯವರಿಗಿಂತ ಕಟ್ಟಕಡೆಯವರಾದರೆ ಲಾಟರಿಯಲ್ಲಿ ಏನೂ ಜಾಸ್ತಿ ಸಿಗುವುದಿಲ್ಲ. ಜೊತೆಗೆ, ಆದಾಯ ಹಂಚಿಕೆಯಲ್ಲಿ (ಶ್ರೀಮಂತ ತಂಡಗಳ ಗಳಿಕೆಯ ಒಂದು ಭಾಗ ಉಳಿದವರಿಗೆ ಹೋಗುವ ವ್ಯವಸ್ಥೆ) ಪಾಲು ಪಡೆಯದ ತಂಡಗಳು ಸತತ ಎರಡು ವರ್ಷ ಲಾಟರಿಯ ಪಾಳಿ ಪಡೆಯುವ ಹಾಗಿಲ್ಲ. ಈ ನಿಯಮದ ಏಟು ತಿಂದದ್ದು ಶಿಕಾಗೊ ವೈಟ್ ಸಾಕ್ಸ್. 2024ರಲ್ಲಿ 121 ಪಂದ್ಯ ಸೋತು ಆಧುನಿಕ ಕಾಲದ ದಾಖಲೆ ಮಾಡಿದರು, ಆದರೆ ಹಿಂದಿನ ಸಲ ಮೊದಲ ಆರರೊಳಗೆ ಆರಿಸಿದ್ದರಿಂದ 2025ರಲ್ಲಿ ಸಿಕ್ಕಿದ್ದು ಹತ್ತನೇ ಪಾಳಿ. ಬೇಕಂತ ಸೋತವರು ಅಂತ ಶಿಕ್ಷೆ ಕೊಡಲು ಮಾಡಿದ ನಿಯಮ, ಸುಮ್ನೆ ಆಡಲು ಬಾರದೆ ಸೋತವರಿಗೂ ಅದೇ ಶಿಕ್ಷೆ. ಇನ್ನೊಂದು ಕಡೆ, ಕೇವಲ ಶೇಕಡಾ 2ರ ಅವಕಾಶ ಇದ್ದ ಕ್ಲೀವ್‌ಲ್ಯಾಂಡ್ ಗಾರ್ಡಿಯನ್ಸ್‌ಗೆ 2024ರ ಮೊದಲ ಪಾಳಿ ಹೊಡೆಯಿತು. ಜುಲೈನಲ್ಲಿ ಅವರು ಆಸ್ಟ್ರೇಲಿಯಾದ ಟ್ರಾವಿಸ್ ಬಝಾನಾನನ್ನು ಆರಿಸುವ ಹೊತ್ತಿಗೆ ತಮ್ಮ ಡಿವಿಷನ್‌ನಲ್ಲಿ, ಅಂದರೆ ಲೀಗ್‌ನೊಳಗಿನ ತಮ್ಮ ಗುಂಪಿನಲ್ಲಿ, ಅವರೇ ಮೊದಲ ಸ್ಥಾನದಲ್ಲಿದ್ದರು!

ಮೂರನೆಯದು ತೂತಲ್ಲ, ಗೋಡೆಯೇ ಇಲ್ಲದ ಕಡೆ. ಡ್ರಾಫ್ಟ್ ಇರುವುದು ಅಮೆರಿಕ, ಕೆನಡಾ, ಪೋರ್ಟೊ ರಿಕೊ ಹುಡುಗರಿಗೆ ಮಾತ್ರ. ಡೊಮಿನಿಕನ್ ರಿಪಬ್ಲಿಕ್, ವೆನೆಜುವೆಲಾ ಕಡೆಯ ಹುಡುಗರು 16ನೇ ವಯಸ್ಸಿಗೇ ನೇರವಾಗಿ ತಂಡಗಳ ಜೊತೆ ಸಹಿ ಹಾಕುತ್ತಾರೆ. 2008ರಲ್ಲಿ ನಮ್ಮ ಉತ್ತರ ಪ್ರದೇಶದ ಜಾವೆಲಿನ್ ಹುಡುಗರು ರಿಂಕು ಸಿಂಗ್, ದಿನೇಶ್ ಪಟೇಲ್ ಪೈರೇಟ್ಸ್ ಸೇರಿದ್ದೂ ಡ್ರಾಫ್ಟ್‌ನ ಹೊರಗಿನ ಬಾಗಿಲಿನಿಂದಲೇ (ಕ್ರಿಕೆಟ್‌ನ ರಿಂಕು ಅಲ್ಲ, ಇವನು ಬೇರೆ). ಮೇಜರ್ ಲೀಗ್ ಆಟಗಾರರಲ್ಲಿ ನಾಲ್ಕರಲ್ಲಿ ಒಬ್ಬನಿಗಿಂತ ಜಾಸ್ತಿ ಹೊರದೇಶದಲ್ಲಿ ಹುಟ್ಟಿದವರು, ಸೋತವರಿಗೆ ಮೊದಲು ಅನ್ನುವ ನಿಯಮ ಅವರಲ್ಲಿ ಹೆಚ್ಚಿನವರನ್ನು ಮುಟ್ಟುವುದೇ ಇಲ್ಲ. ಅಲ್ಲೂ ಡ್ರಾಫ್ಟ್ ತರಬೇಕು ಅಂತ 2022ರಲ್ಲಿ ಮಾತುಕತೆ ನಡೆಯಿತು, ಆಟಗಾರರ ಸಂಘ ಒಪ್ಪಲಿಲ್ಲ. ರೈಕಾರ್ಟ್ ಮತ್ತು ಮಂಡೆ ಕಥೆ ಅವರಿಗೆ ನೆನಪಿರಬೇಕು.

ಇನ್ನು ಪರಿಹಾರದ ಪಾಳಿಗಳು. ದೊಡ್ಡ ಆಟಗಾರ ತಂಡ ಬಿಟ್ಟು ಹೋದರೆ ಹಳೇ ತಂಡಕ್ಕೆ ಸಮಾಧಾನಕ್ಕೆ ಒಂದು ಪಾಳಿ ಕೊಡುತ್ತಾರೆ. ನಿಯಮದ ವಿವರ ಹಲವು ಸಲ ಬದಲಾಗಿದೆ, ಅದನ್ನೆಲ್ಲ ಹೇಳಿ ತಲೆ ತಿನ್ನುವುದಿಲ್ಲ. ಸಣ್ಣ ಮಾರುಕಟ್ಟೆಯ ತಂಡಗಳಿಗೆ ಬೇರೆ ಹೆಚ್ಚುವರಿ ಪಾಳಿಗಳೂ ಇವೆ, ಮಾರಲು ಅವಕಾಶ ಇರುವುದು ಆ ಪಾಳಿಗಳನ್ನು ಮಾತ್ರ. ನಾನು ಹೇಳಬೇಕೆಂದಿರುವುದು 2009ರ ಒಂದು ಘಟನೆ. ಏಂಜಲ್ಸ್ ತಂಡದ ಮಾರ್ಕ್ ಟೆಶೇರಾನನ್ನು ಯಾಂಕೀಸ್ ದೊಡ್ಡ ಮೊತ್ತಕ್ಕೆ ಕೊಂಡಿತು, ಆಗಿನ ನಿಯಮದಂತೆ ಯಾಂಕೀಸ್‌ನ ಮೊದಲ ಸುತ್ತಿನ ಪಾಳಿ, 25ನೆಯದು, ಏಂಜಲ್ಸ್‌ಗೆ ಹೋಯಿತು. ಆ ಪಾಳಿಯಲ್ಲಿ ಅವರು ಆರಿಸಿದ್ದು ನ್ಯೂಜೆರ್ಸಿಯ ಹೈಸ್ಕೂಲ್ ಹುಡುಗ ಮೈಕ್ ಟ್ರೌಟ್‌ನನ್ನು. ಅವನ ಪೀಳಿಗೆಯ ಅತ್ಯುತ್ತಮ ಆಟಗಾರ, ಮೂರು ಸಲ ಎಂವಿಪಿ (ವರ್ಷದ ಅತ್ಯಮೂಲ್ಯ ಆಟಗಾರ). ಡ್ರಾಫ್ಟ್ ಇತಿಹಾಸದಲ್ಲಿ ಇದಕ್ಕಿಂತ ಒಳ್ಳೆಯ ಪರಿಹಾರ ಯಾರಿಗೂ ಸಿಕ್ಕಿಲ್ಲ ಅಂತ ಧೈರ್ಯವಾಗಿ ಹೇಳಬಹುದು.

ಆ ಟ್ರೌಟ್ 2011ರಿಂದ ಏಂಜಲ್ಸ್‌ಗೆ ಆಡುತ್ತಿದ್ದಾನೆ. 2025ರವರೆಗೆ ಅವನ ತಂಡ ಪ್ಲೇಆಫ್ ತಲುಪಿದ್ದು ಒಂದೇ ಸಲ, 2014ರಲ್ಲಿ. ಎದುರಿಗೆ ಕ್ಯಾನ್ಸಸ್ ಸಿಟಿ ರಾಯಲ್ಸ್, 1985ರ ನಂತರ ಮೊದಲ ಸಲ ಪ್ಲೇಆಫ್‌ಗೆ ಬಂದವರು. ವರ್ಷಗಟ್ಟಲೆ ಸೋತು ಸೋತು ಅವರು ಕೂಡಿಟ್ಟ ಮೇಲಿನ ಪಾಳಿಗಳು ಹೀಗಿದ್ದವು: 2005ರಲ್ಲಿ ಎರಡನೇ ಪಾಳಿ ಅಲೆಕ್ಸ್ ಗಾರ್ಡನ್, 2007ರಲ್ಲಿ ಎರಡನೇ ಪಾಳಿ ಮೈಕ್ ಮೌಸ್ಟಾಕಸ್, 2008ರಲ್ಲಿ ಮೂರನೇ ಪಾಳಿ ಎರಿಕ್ ಹಾಸ್ಮರ್. ಮೂವರೂ ಮೈನರ್ ಲೀಗ್ ದಾಟಿ, ಎಡವಿ, ಮತ್ತೆ ಎದ್ದು, ಒಂದೇ ಹೊತ್ತಿಗೆ ಹದಕ್ಕೆ ಬಂದಿದ್ದರು. ಸರಣಿಯ ಮೊದಲ ಪಂದ್ಯವನ್ನು 11ನೇ ಇನಿಂಗ್ಸ್‌ನಲ್ಲಿ (ಮಾಮೂಲಿ ಪಂದ್ಯ ಒಂಬತ್ತಕ್ಕೇ ಮುಗಿಯುತ್ತದೆ) ಹೋಮ್ ರನ್ ಹೊಡೆದು ತಿರುಗಿಸಿದವನು ಮೌಸ್ಟಾಕಸ್. ಎರಡನೆಯದನ್ನು, ಮತ್ತೆ 11ನೇ ಇನಿಂಗ್ಸ್‌ನಲ್ಲೇ, ಹಾಸ್ಮರ್. ಮೂರನೇ ಪಂದ್ಯದ ಮೊದಲ ಇನಿಂಗ್ಸ್‌ನಲ್ಲೇ ಟ್ರೌಟ್ ಚೆಂಡನ್ನು ಗೋಡೆಯಾಚೆ ಬಾರಿಸಿದ, ಆ ಸರಣಿಯಲ್ಲಿ ಅವನ ಒಂದೇ ಒಂದು ಹಿಟ್ ಅದು. ಅದೇ ಇನಿಂಗ್ಸ್‌ನ ಕೆಳಗಿನ ಅರ್ಧದಲ್ಲಿ ಮೂರೂ ಬೇಸ್‌ಗಳಲ್ಲಿ ಓಟಗಾರರು ನಿಂತಿದ್ದಾಗ ಗಾರ್ಡನ್ ಬಂದು ಒಂದು ಡಬಲ್ (ಎರಡನೇ ಬೇಸ್‌ವರೆಗೆ ಓಡಿಸುವ ಹೊಡೆತ) ಹೊಡೆದ, ಮೂವರೂ ಓಡಿ ಮನೆ ಸೇರಿದರು, ಮೂರು ರನ್.